ಅಡಿಕೆ ತೋಟದಿಂದ ಕಾವಲಿನವರೆಗೆ: ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ನಾಲ್ಕು ದಿನದ ರೋಡ್ ಟ್ರಿಪ್

ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಓಡಾಡುವವರಿಗೆ ಚಿತ್ರದುರ್ಗ ಅಂದರೆ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನು, ದಾವಣಗೆರೆ ಅಂದರೆ ಬೆಣ್ಣೆದೋಸೆ. ಎರಡು ಊರಿನ ನಡುವಿನ 60 ಕಿ.ಮೀ. ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ. ಕಿಟಕಿಯಲ್ಲಿ ಕಾಣುವುದು ಬರೀ ಮೆಕ್ಕೆಜೋಳ. ಇಲ್ಲಿ ನೋಡುವಂಥದ್ದು ಏನೂ ಇಲ್ಲ ಅಂತ ಅನ್ನಿಸಿದರೆ ಅದು ಆ ರಸ್ತೆಯ ತಪ್ಪು, ಸೀಮೆಯದ್ದಲ್ಲ.

ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಚನ್ನಗಿರಿ ಕಡೆಯ ಅಡಿಕೆ ತೋಟ, ಭದ್ರಾ ನಾಲೆ, ಭತ್ತದ ಗದ್ದೆ. ಪೂರ್ವಕ್ಕೆ ತಿರುಗಿದರೆ ಚಳ್ಳಕೆರೆ, ಮೊಳಕಾಲ್ಮೂರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಬಯಲು ಅದು. ಇವೆರಡರ ನಡುವೆ ಚಿತ್ರದುರ್ಗದ ಬಂಡೆಗಳು. ಇಷ್ಟನ್ನೂ ಸುತ್ತಿ ವಾಪಸ್ ಬರಲು 500ರಿಂದ 550 ಕಿ.ಮೀ. ಆಗುತ್ತದೆ. ನಾಲ್ಕು ದಿನ ಇದ್ದರೆ ಆರಾಮ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸುತ್ತನ್ನು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ನೀರಿರುವ ಕಡೆಯಿಂದ ನೀರಿಲ್ಲದ ಕಡೆಗೆ ಮಾಡಿ. ಹಾಗೆ ಹೋದರೆ ಹೊಲದಲ್ಲಿ ಬೆಳೆ ಒಂದೊಂದಾಗಿ ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ. ಅಡಿಕೆ ಹೋಯಿತು, ಭತ್ತ ಹೋಯಿತು, ಮೆಕ್ಕೆಜೋಳ ಬಂತು, ಶೇಂಗಾ ಬಂತು, ಆಮೇಲೆ ಬರೀ ಹುಲ್ಲು. ನಾಲೆ, ಕೆರೆ, ಹೊಂಡ, ಅಣೆಕಟ್ಟು ಅಂತ ಒಂದೊಂದು ಕಡೆ ಜನ ಒಂದೊಂದು ರೀತಿ ನೀರು ಹಿಡಿದಿಟ್ಟಿದ್ದಾರೆ. ದಾರಿಯುದ್ದಕ್ಕೂ ಅದನ್ನೇ ಗಮನಿಸುತ್ತಾ ಹೋಗಿ. ಬಿಡಿ ಬಿಡಿ ಜಾಗಗಳು ತಾವೇ ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಹೊರಡುವ ಮುಂಚೆ

ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಕೆರೆಗಳಲ್ಲಿ ನೀರಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಕಾವಲಿನ, ಅಂದರೆ ದನ ಮೇಯಲು ಮೀಸಲಿಟ್ಟ ಬಯಲಿನ, ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೇಡವೇ ಬೇಡ. ದುರ್ಗದ ಬಂಡೆಗೆ ಹಗಲಿಡೀ ಬಿಸಿಲು ಬಿದ್ದರೆ ಸೂರ್ಯ ಮುಳುಗಿದ ಮೇಲೂ ಕಾವು ಹೊಡೆಯುತ್ತಲೇ ಇರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಆ ತಿಂಗಳುಗಳ ಯೋಚನೆಯನ್ನೇ ಬಿಡಿ.

ಸುಗ್ಗಿ ಕಾಲದಲ್ಲಿ ಹೋಗುವವರು ಒಂದು ವಿಷಯ ಗೊತ್ತು ಮಾಡಿಕೊಂಡಿರಬೇಕು. ಆಗ ಹಳ್ಳಿ ರಸ್ತೆಯೇ ಕಣ. ರಾಗಿ, ಹುರುಳಿ, ಮೆಕ್ಕೆಜೋಳ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿರುತ್ತಾರೆ. ವಾಹನ ಹತ್ತಿ ಕಾಳು ಉದುರಲಿ ಅಂತ. ಬೈಕಿನವರಿಗೆ ಇದು ಅಪಾಯ. ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಕಾರಿನವರಿಗೆ ಹುರುಳಿ ಸೊಪ್ಪಿನ ಕಾಟ. ಅದರ ಬಳ್ಳಿ ಚಕ್ರದ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಬಿಸಿಯಾದ ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳಲೂಬಹುದು. ಕಣ ಕಂಡರೆ ಪಕ್ಕದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ನಿಧಾನವಾಗಿ ಹೋಗಿ. ಹತ್ತಿಸಲೇಬೇಕಾಗಿ ಬಂದರೆ ದಾಟಿದ ಮೇಲೆ ಒಮ್ಮೆ ಇಳಿದು ಗಾಡಿ ಅಡಿ ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕಿತ್ತು ಹಾಕಿ.

ಗಾಡಿ ಯಾವುದಾದರೂ ನಡೆಯುತ್ತದೆ, ದೊಡ್ಡ ಜೀಪೇ ಬೇಕು ಅಂತಿಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಚಳ್ಳಕೆರೆ ಕಡೆ ರಸ್ತೆ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ, ಅದರ ಮುಳ್ಳು ಟೈರಿಗೂ ಇಳಿಯುತ್ತದೆ, ಚಪ್ಪಲಿಗೂ ಇಳಿಯುತ್ತದೆ. ಒಳ್ಳೆ ಶೂ, ಟೋಪಿ, ಟಾರ್ಚು, ಒಬ್ಬೊಬ್ಬರಿಗೆ ಎರಡೆರಡು ಲೀಟರ್ ನೀರು ಇರಲಿ. ಕಾವಲಿನ ನಡುವೆ ಮೊಬೈಲ್ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಆದ್ದರಿಂದ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಕತ್ತಲಾದ ಮೇಲೆ ಹಳ್ಳಿ ರಸ್ತೆಯಲ್ಲಿ ಓಡಿಸಬೇಡಿ. ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಬಣ್ಣ ಬಳಿಯದ ಹಂಪ್ಸು, ರಸ್ತೆ ಮಧ್ಯೆ ಮಲಗಿದ ಎಮ್ಮೆ ಮೂರೂ ಒಂದೇ ಕಿಲೋಮೀಟರಿನಲ್ಲಿ ಸಿಗುತ್ತವೆ.

ಮೊದಲ ದಿನ: ದಾವಣಗೆರೆ – ಹರಿಹರ – ಸೂಳೆಕೆರೆ – ಸಂತೇಬೆನ್ನೂರು – ಚಿತ್ರದುರ್ಗ

ಸುಮಾರು 150 ಕಿ.ಮೀ. ಬೆಳಿಗ್ಗೆ ದೋಸೆ ತಿಂದೇ ಹೊರಡಿ. ಇಲ್ಲಿಯ ಬೆಣ್ಣೆದೋಸೆಗೆ ಸಾಂಬಾರ್ ಕೇಳಬೇಡಿ, ಕೊಡುವುದಿಲ್ಲ. ತೆಳ್ಳಗಿನ ಬಿಳಿ ಕಾಯಿ ಚಟ್ನಿ, ಸಪ್ಪಗಿನ ಆಲೂಗಡ್ಡೆ ಪಲ್ಯ, ಅಷ್ಟೇ. ಬೆಣ್ಣೆ ಜಾಸ್ತಿ ಆಯಿತು ಅನ್ನುವವರಿಗೆ ಖಾಲಿ ದೋಸೆ ಇದೆ. ಸೌದೆ ಒಲೆಯ ಹೋಟೆಲ್ ಸಿಕ್ಕರೆ ಅಲ್ಲೇ ಕೂರಿ. ಜೊತೆಗೆ ದಾರಿಗೆ ಒಂದು ಚೀಲ ಮಂಡಕ್ಕಿ ಕಟ್ಟಿಸಿಕೊಳ್ಳಿ. ಊರಲ್ಲಿ ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಇದೆ.

ಹರಿಹರ 14 ಕಿ.ಮೀ. ಹರಿಹರೇಶ್ವರ ದೇವಸ್ಥಾನವನ್ನು ಕಟ್ಟಿಸಿದವನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ, 1224ರ ಸುಮಾರಿಗೆ. ಒಂದೇ ಮೂರ್ತಿಯಲ್ಲಿ ಬಲಗಡೆ ಹರ, ಎಡಗಡೆ ಹರಿ. ಗರ್ಭಗುಡಿಯ ಮುಂದೆ ಸಾಲು ಬಿದ್ದಿದ್ದರೆ ಹೊರಗಿನ ಮಂಟಪದಲ್ಲೇ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕಡೆದು ನುಣುಪು ಮಾಡಿದ ಕಂಬಗಳ ಮೇಲೆ ಬೆಳಗಿನ ಬೆಳಕು ಬೀಳುತ್ತದೆ. ಅಲ್ಲಿಂದ ಹೊಳೆದಂಡೆಗೆ ಹೋಗಿ ತುಂಗಭದ್ರೆ ನೋಡಿಬನ್ನಿ. ಈ ಊರಿನ ಹತ್ತಿರ ಹೊಳೆಗೆ ಸೇರುವ ಹರಿದ್ರಾ ಹಳ್ಳ ಹರಿದುಬರುವುದು ಸೂಳೆಕೆರೆಯಿಂದ. ಮುಂದಿನ ಎರಡು ಮೂರು ಗಂಟೆ ನೀವು ಆ ನೀರಿನ ಎದುರು ದಿಕ್ಕಿನಲ್ಲಿ ಹೋಗುತ್ತೀರಿ.

ಹರಿಹರದಿಂದ ದಕ್ಷಿಣಕ್ಕೆ ಮಲೇಬೆನ್ನೂರು ರಸ್ತೆ ಹಿಡಿಯಿರಿ. ಇದು ಭದ್ರಾ ಅಚ್ಚುಕಟ್ಟು. ಲಕ್ಕವಳ್ಳಿಯ ಜಲಾಶಯದಿಂದ ಹೊರಟ ನೀರು ಇಷ್ಟು ದೂರ ಬಂದು ಗದ್ದೆಗೆ ಇಳಿಯುತ್ತದೆ. ಮಳೆಗಾಲದ ಭತ್ತ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಾಲೆಗೆ ನೀರು ಬಿಟ್ಟರೆ ಜನವರಿಯಲ್ಲಿ ಮತ್ತೆ ನಾಟಿ. ಈ ಭಾಗದವರು ನಾಲೆಯ ಕೊನೆಯಲ್ಲಿರುವವರು, ಹಾಗಾಗಿ ಚಹಾ ಅಂಗಡಿಯಲ್ಲಿ ಐದು ನಿಮಿಷ ನಿಂತರೆ 'ನೀರು ಯಾವಾಗ ಬಿಡ್ತಾರಂತೆ' ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ನಾಲೆ ಏರಿಯ ಮೇಲೆ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ. ಇಳಿದು ಈಜಲು ಮಾತ್ರ ಹೋಗಬೇಡಿ. ಮೇಲಿನಿಂದ ನೀರು ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ಜೋರು. ಪಕ್ಕದ ಕಾಂಕ್ರೀಟ್ ಪಾಚಿ ಕಟ್ಟಿರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಮಲೇಬೆನ್ನೂರು ದಾಟಿ ಸ್ವಲ್ಪ ಮುಂದೆ ಕೊಮಾರನಹಳ್ಳಿಯಲ್ಲಿ ಹೆಳವನಕಟ್ಟೆ ರಂಗನಾಥನ ಗುಡಿ, ಪಕ್ಕದಲ್ಲೇ ಕೆರೆ. ಹರಿದಾಸ ಪರಂಪರೆಯ ಹೆಳವನಕಟ್ಟೆ ಗಿರಿಯಮ್ಮನ ಹೆಸರಿನಲ್ಲಿರುವ ಹೆಳವನಕಟ್ಟೆ ಇದೇ. ಮರದ ನೆರಳು, ಕೆರೆ ಗಾಳಿ, ಜನಜಂಗುಳಿ ಇಲ್ಲ. ಕಟ್ಟಿಸಿಕೊಂಡ ಮಂಡಕ್ಕಿ ಬಿಚ್ಚಲು ಇದಕ್ಕಿಂತ ಒಳ್ಳೆ ಜಾಗ ಮೊದಲ ದಿನದ ದಾರಿಯಲ್ಲಿ ಇಲ್ಲ.

ಮಲೇಬೆನ್ನೂರಿಗೆ ವಾಪಸ್ ಬಂದು ಬಸವಾಪಟ್ಟಣದ ಕಡೆ ತಿರುಗಿ, ಅಲ್ಲಿಂದ ಸೂಳೆಕೆರೆ. ಬೋರ್ಡುಗಳಲ್ಲಿ ಶಾಂತಿಸಾಗರ ಅಂತಲೂ ಇರುತ್ತದೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು ಅನ್ನುವುದು ಜನರ ಬಾಯಲ್ಲಿ ಉಳಿದ ಕಥೆ. ಏಷ್ಯಾದಲ್ಲೇ ಎಷ್ಟನೇ ದೊಡ್ಡ ಕೆರೆ ಅನ್ನುವ ವಾದ ಪಕ್ಕಕ್ಕಿಡಿ, ಏರಿ ನೋಡಿ. ಕೆರೆಯ ಸುತ್ತಳತೆ ಹತ್ತಾರು ಕಿಲೋಮೀಟರ್. ಅಷ್ಟು ನೀರು ತಡೆದಿರುವ ಏರಿ ನಡೆದರೆ ಕೆಲವೇ ನಿಮಿಷದ್ದು. ಎರಡು ಗುಡ್ಡ ಹತ್ತಿರ ಬಂದ ಸಂದು ನೋಡಿ, ಅಲ್ಲಿಯೇ ಹಳ್ಳಕ್ಕೆ ಅಡ್ಡ ಹಾಕಿದ್ದಾರೆ. ಎಂಟುನೂರು ವರ್ಷಕ್ಕೂ ಹಿಂದೆ, ಯಾವ ಸರ್ವೆ ಯಂತ್ರವೂ ಇಲ್ಲದೆ ಆ ಜಾಗ ಗುರುತಿಸಿದವರ ಕಣ್ಣು ಎಂಥದ್ದಿರಬೇಕು ಅಲ್ವಾ? ಏರಿಯ ಎರಡು ತೂಬುಗಳಿಗೆ ಸಿದ್ದನ ತೂಬು, ಬಸವನ ತೂಬು ಅಂತ ಹೆಸರು. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಹೋಗುವುದೂ ಈ ಕೆರೆಯಿಂದ. ರಾತ್ರಿ ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದಾಗ ನೆನಪಿಸಿಕೊಳ್ಳಿ.

ಇಲ್ಲಿ ಒಂದೂವರೆ ಗಂಟೆಯಾದರೂ ಕೊಡಿ. ಗುಡ್ಡದ ಮೇಲಿನ ಸಿದ್ದೇಶ್ವರ ಗುಡಿಯ ಕಡೆಯಿಂದ ಕೆರೆ ಪೂರ್ತಿ ಹರಡಿಕೊಂಡಂತೆ ಕಾಣುತ್ತದೆ. ಗಾಳಿ ಇದ್ದ ದಿನ ಏರಿಗೆ ಅಲೆ ಬಡಿಯುವ ಸದ್ದು ಬರುತ್ತದೆ.

ಕೆರೆಯಿಂದ ಪೂರ್ವಕ್ಕೆ ಸಂತೇಬೆನ್ನೂರು. ಈ ದಾರಿಯಲ್ಲಿ ಎರಡೂ ಬದಿ ಅಡಿಕೆ. ಕೊಯ್ಲಿನ ತಿಂಗಳುಗಳಲ್ಲಿ ಮನೆ ಮುಂದೆ ಸುಲಿಯುವವರು, ಹಂಡೆಯಲ್ಲಿ ಬೇಯಿಸುವವರು, ಅಂಗಳದ ತುಂಬ ಕೆಂಪಗೆ ಒಣಗಲು ಹಾಕಿದ ಅಡಿಕೆ. ಗಾಡಿಯ ಕಿಟಕಿ ಇಳಿಸಿದರೆ ಬೇಯಿಸಿದ ಚೊಗರಿನ ವಾಸನೆ ಒಳಗೆ ಬರುತ್ತದೆ.

ಸಂತೇಬೆನ್ನೂರಿನ ಪುಷ್ಕರಣಿ 16ನೇ ಶತಮಾನದ್ದು, ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ಗೋಪುರದ ವಸಂತ ಮಂಟಪ. ಎದುರಿಗಿರುವ ದೊಡ್ಡ ಕಟ್ಟಡ ಮುಸಾಫಿರ್‌ಖಾನೆ, ಅಂದರೆ ಪ್ರಯಾಣಿಕರ ಛತ್ರ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಹಿಂದೆ ಅಲ್ಲಿ ರಂಗನಾಥನ ದೇವಸ್ಥಾನವಿತ್ತು ಅನ್ನುತ್ತಾರೆ. ಮಧ್ಯಾಹ್ನ ಮೂರು ಗಂಟೆಯ ನಂತರ ಹೋದರೆ ಮಂಟಪದ ನೆರಳು ನೀರಿನಲ್ಲಿ ಚೆನ್ನಾಗಿ ಬೀಳುತ್ತದೆ. ಅರ್ಧ ಗಂಟೆ ಸಾಕು.

ಇನ್ನು ಹೊಳಲ್ಕೆರೆ. ತಲೆಯ ಮೇಲೆ ಗೋಪುರವಿಲ್ಲದ ಬಯಲು ಗಣಪತಿಗೆ ಕೈಮುಗಿದು ಮುಂದೆ ನಡೆಯಿರಿ. ಅಲ್ಲಿಂದ ಚಿತ್ರದುರ್ಗ 30 ಚಿಲ್ಲರೆ ಕಿ.ಮೀ. ಅಡಿಕೆ ಸಾಲು ಇಲ್ಲಿಗೆ ತೆಳುವಾಗಿ, ಗುಡ್ಡದ ಮೇಲಿನ ಫ್ಯಾನುಗಳು ಕಾಣಲು ಶುರುವಾಗುತ್ತವೆ.

ಎರಡನೇ ದಿನ: ಕೋಟೆ ಮತ್ತು ಚಂದ್ರವಳ್ಳಿ

ಈ ದಿನ ಗಾಡಿ ಓಡುವುದು ಕಡಿಮೆ, ಕಾಲಿಗೆ ಕೆಲಸ ಜಾಸ್ತಿ. ಕೋಟೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ. ಹತ್ತು ಗಂಟೆಯ ಮೇಲೆ ಬಿಸಿಲೂ ಏರುತ್ತದೆ, ಶಾಲೆ ಪ್ರವಾಸದ ಬಸ್ಸುಗಳೂ ಬರುತ್ತವೆ. ಪೂರ್ತಿ ನೋಡಲು ನಾಲ್ಕು ಗಂಟೆ ಬೇಕು. ಬಾಗಿಲ ಬಳಿ ಗೈಡ್ ಸಿಗುತ್ತಾರೆ. ಮೊದಲ ಸಲ ಹೋಗುವವರು ಕರೆದುಕೊಳ್ಳುವುದೇ ಒಳ್ಳೆಯದು, ದರ ಮಾತ್ರ ಮೊದಲೇ ಮಾತಾಡಿಕೊಳ್ಳಿ. ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ, ಕೋತಿಗಳು ಬಿಡುವುದಿಲ್ಲ.

ಎಲ್ಲರೂ ಓಬವ್ವನ ಕಿಂಡಿ ನೋಡಲು ಓಡುತ್ತಾರೆ. ನೋಡಲೇಬೇಕು ಬಿಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದ ಆ ಸಂದಿಯಲ್ಲಿ ನೀವೂ ಬಗ್ಗಿ ನುಸುಳಿದರೆ, ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಅನ್ನುವುದು ಮೈಗೆ ಗೊತ್ತಾಗುತ್ತದೆ. ತಲೆ ಮೊದಲು ಬರುತ್ತದೆ, ಕೈ ಎತ್ತಲು ಜಾಗವೇ ಇರುವುದಿಲ್ಲ. ಕೊನೆಗೆ 1779ರಲ್ಲಿ ಮದಕರಿ ನಾಯಕನ ಕೈಯಿಂದ ಕೋಟೆ ಹೈದರಾಲಿಗೆ ಹೋಯಿತು.

ನನ್ನ ಪ್ರಕಾರ ಇಲ್ಲಿ ನಿಧಾನವಾಗಿ ನೋಡಬೇಕಾದದ್ದು ಹೊಂಡಗಳನ್ನು. ಮೇಲೆ ಗೋಪಾಲಸ್ವಾಮಿ ಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆ ಅದಕ್ಕೆ ಇಳಿಯುತ್ತದೆ. ಅದು ತುಂಬಿ ಉಕ್ಕಿದ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆ ನೀರನ್ನು ಹೀರುವುದಿಲ್ಲ, ಬಿದ್ದದ್ದೆಲ್ಲ ಹರಿದು ಬರುತ್ತದೆ. ಬಾವಿ ತೋಡಲಾಗದ ಕಲ್ಲಿನ ಗುಡ್ಡವನ್ನೇ ನೀರು ಹಿಡಿಯುವ ಚಾವಣಿ ಮಾಡಿಕೊಂಡಿದ್ದಾರೆ. ತಿಂಗಳುಗಟ್ಟಲೆ ಮುತ್ತಿಗೆಗೆ ಬಗ್ಗದೆ ನಿಲ್ಲಲು ಏಳು ಸುತ್ತಿನ ಗೋಡೆ ಎಷ್ಟು ಮುಖ್ಯವೋ ಈ ಹೊಂಡಗಳೂ ಅಷ್ಟೇ ಮುಖ್ಯ. ನಡೆಯುವಾಗ ಬಂಡೆಯ ಮೇಲೆ ಕೊರೆದ ಸಣ್ಣ ಕಾಲುವೆ ಗೆರೆಗಳನ್ನು ಹುಡುಕಿ. ಒಂದು ಕಂಡರೆ ಆಮೇಲೆ ಕಣ್ಣಿಗೆ ಬೀಳುತ್ತಲೇ ಹೋಗುತ್ತವೆ. ಮದ್ದು ಅರೆಯುವ ಬೀಸುಕಲ್ಲು, ಎಣ್ಣೆ ಕೊಳ, ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ಮಧ್ಯಾಹ್ನ ಊರಿಗೆ ಬಂದು ಮುದ್ದೆ ಊಟ ಮಾಡಿ, ಒಂದು ಗಂಟೆ ಮಲಗಿ. ಮೂರೂವರೆಗೆ ಚಂದ್ರವಳ್ಳಿಗೆ ಹೊರಡಿ. ಕೋಟೆ ಗುಡ್ಡದ ಹಿಂಭಾಗದ ಕಣಿವೆ ಅದು, ಊರಿಗೆ ತೀರಾ ಹತ್ತಿರ. ಮೂರು ಕಡೆ ಬಂಡೆ ಗುಡ್ಡ, ನಡುವೆ ಕೆರೆ. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಇಲ್ಲಿ ಉತ್ಖನನ ಮಾಡಿದ್ದರು.

ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಕಾಲ 4ನೇ ಶತಮಾನ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಪಲ್ಲವರು, ಆಭೀರರು, ತ್ರೈಕೂಟರು ಅಂತ ಗೆದ್ದವರ ದೊಡ್ಡ ಪಟ್ಟಿ ಕೊಟ್ಟಿದ್ದಾನೆ. ಅಷ್ಟೆಲ್ಲ ಗೆದ್ದ ರಾಜ ಈ ಬಂಡೆಯ ಮೇಲೆ ಬರೆಸಿದ ಕೆಲಸ ಏನು ಗೊತ್ತಾ? ಒಂದು ಕೆರೆ. ಅದರ ವಿಷಯ ಹೇಳಲಿಕ್ಕೆ ಇಷ್ಟು ಅಕ್ಷರ. ಸಂಜೆಯ ಓರೆ ಬೆಳಕಿನಲ್ಲಿ ಅಕ್ಷರದ ಗೆರೆ ಸ್ವಲ್ಪ ಎದ್ದು ಕಾಣುತ್ತದೆ, ನಡು ಹಗಲಲ್ಲಿ ಏನೂ ಕಾಣುವುದಿಲ್ಲ.

ಹತ್ತಿರದ ಅಂಕಲಿ ಮಠದ ಗುಹೆಗೆ ಇಳಿಯುವುದಾದರೆ ಟಾರ್ಚು ಬೇಕೇ ಬೇಕು. ಒಳಗೆ ಕೋಣೆಯೊಳಗೆ ಕೋಣೆ, ಪೂರ್ತಿ ಕತ್ತಲೆ. ಗೊತ್ತಿರುವವರ ಜೊತೆ ಹೋಗಿ. ಇಕ್ಕಟ್ಟು ಜಾಗ ಆಗದವರು ಹೊರಗೆ ಕೆರೆದಂಡೆಯಲ್ಲೇ ಕೂತಿರಲಿ, ಕಳೆದುಕೊಳ್ಳುವುದೇನೂ ಇಲ್ಲ.

ಮೂರನೇ ದಿನ: ಜೋಗಿಮಟ್ಟಿ – ಮರಡಿಹಳ್ಳಿ – ಮಾರಿಕಣಿವೆ – ಚಳ್ಳಕೆರೆ

ಬೆಳಿಗ್ಗೆ ಬೇಗ ಜೋಗಿಮಟ್ಟಿಗೆ. ಚಿತ್ರದುರ್ಗದ ದಕ್ಷಿಣಕ್ಕಿರುವ ಈ ಗುಡ್ಡಸಾಲು ಈಗ ವನ್ಯಜೀವಿಧಾಮ. ಬುಡದಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ. ಮೇಲೆ ಹೋಗುವ ರಸ್ತೆ ಕಿರಿದು, ತಿರುವು ಜಾಸ್ತಿ, ಹಾರ್ನ್ ಹೊಡೆದು ತಿರುಗಿಸಿ. ಯಾವ ವಾಹನ, ಎಷ್ಟು ಹೊತ್ತಿನವರೆಗೆ ಅನ್ನುವುದನ್ನು ಹಿಂದಿನ ದಿನವೇ ಅರಣ್ಯ ಇಲಾಖೆಯವರನ್ನು ಕೇಳಿಟ್ಟುಕೊಳ್ಳಿ. ಚಿರತೆ, ಕರಡಿ ಇರುವ ಕಾಡು, ದಾರಿ ಬಿಟ್ಟು ಒಳಗೆ ಹೋಗಬೇಡಿ. ಮೇಲೆ ನಿಂತರೆ ಗಾಳಿ ಮಾತಾಡಲೂ ಬಿಡುವುದಿಲ್ಲ, ಫ್ಯಾನು ಯಾಕೆ ಇಲ್ಲೇ ನೆಟ್ಟಿದ್ದಾರೆ ಅಂತ ಕೇಳುವ ಅಗತ್ಯ ಬೀಳದು. ಮೋಡ ಇರುವ ದಿನಗಳಲ್ಲಿ ಇದೇನಾ ಬಯಲುಸೀಮೆ ಅನ್ನಿಸುತ್ತದೆ.

ಇಳಿದು ಹಿರಿಯೂರು ದಿಕ್ಕಿಗೆ ಹೋಗುವಾಗ ಮರಡಿಹಳ್ಳಿ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ಈ ಜಾಗವನ್ನು ಬಹಳ ಜನ ದಾಟಿ ಹೋಗಿಬಿಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಮೊದಲ ನೋಟಕ್ಕೆ ಹಸಿರುಗಪ್ಪು ಬಂಡೆ ಅಷ್ಟೇ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು ನೋಡಿ. ಉರುಟು ಉರುಟು ಉಂಡೆಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಪ್ರತಿಯೊಂದರ ಸುತ್ತ ಸಿಪ್ಪೆಯ ಹಾಗೆ ಬೇರೆ ಬಣ್ಣದ ಅಂಚು. ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರಿನ ಅಡಿಯಲ್ಲಿ ಉಕ್ಕಿತು. ನೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಯಿತು, ಒಳಗಿನದು ಇನ್ನೂ ದ್ರವ. ಅದು ಸಿಪ್ಪೆ ಸೀಳಿಕೊಂಡು ಹೊರಬಂದು ಇನ್ನೊಂದು ಉಂಡೆಯಾಯಿತು. ಹೀಗೇ ಪೇರುತ್ತಾ ಹೋಗಿ ದಿಂಬು ಲಾವಾ ಆಯಿತು. ಅಂದರೆ ಕುಡಿಯುವ ನೀರಿಗೂ ಒದ್ದಾಡುವ ಈ ಸೀಮೆ ಒಂದು ಕಾಲಕ್ಕೆ ನೀರಿನ ಅಡಿ ಇತ್ತು. ಬಂಡೆಯಿಂದ ಚೂರು ಕೀಳಬೇಡಿ, ಹೆಸರು ಕೆತ್ತಬೇಡಿ. ರಸ್ತೆ ಗೊತ್ತಾಗದಿದ್ದರೆ ಊರವರನ್ನು ಕೇಳಿ.

ಹಿರಿಯೂರಿನಲ್ಲಿ ಊಟ ಮುಗಿಸಿ ವಾಣಿವಿಲಾಸ ಸಾಗರಕ್ಕೆ. ಸ್ಥಳೀಯರ ಬಾಯಲ್ಲಿ ಮಾರಿಕಣಿವೆ. ಹಿರಿಯೂರಿನಿಂದ ಸುಮಾರು 20 ಕಿ.ಮೀ. ವೇದಾವತಿ ನದಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಜಾಗದಲ್ಲಿ ಮೈಸೂರು ಸಂಸ್ಥಾನ 1898ರಲ್ಲಿ ಅಣೆಕಟ್ಟು ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿತು. ಸೂಳೆಕೆರೆಯ ಯೋಚನೆಯೇ, ಅಳತೆ ಮಾತ್ರ ದೊಡ್ಡದು. ತುಂಬಿದರೆ 130 ಅಡಿ, 30 ಟಿಎಂಸಿ. ಆದರೆ ತುಂಬುವುದೇ ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 89 ವರ್ಷ ಇಲ್ಲ. 2022ರಲ್ಲಿ ಕೋಡಿ ಬಿದ್ದಾಗ ಸುತ್ತಲ ತಾಲ್ಲೂಕಿನ ಜನ ಜಾತ್ರೆಗೆ ಬಂದ ಹಾಗೆ ಬಂದು ನೋಡಿ ಹೋದರು. ಅಜ್ಜ ಹೇಳಿದ್ದನ್ನು ಮೊಮ್ಮಗ ಮುದುಕನಾದ ಮೇಲೆ ಕಣ್ಣಾರೆ ಕಂಡ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಲು ಶುರುವಾದ ಮೇಲೆ ಲೆಕ್ಕವೇ ಬದಲಾಗಿದೆ.

ಕಟ್ಟೆಯ ಮೇಲಿನ ಮಂಟಪಗಳನ್ನು, ಕಣಿವೆ ಮಾರಮ್ಮನ ಗುಡಿಯನ್ನು ನೋಡಿ, ಪಕ್ಕದ ಗುಡ್ಡದ ಮೇಲಿನಿಂದ ಹಿನ್ನೀರನ್ನು ನೋಡಿ. ನಾಲ್ಕು ಗಂಟೆಗೆ ಹೊರಟುಬಿಡಿ. ಹಿರಿಯೂರಿಗೆ ವಾಪಸ್ ಬಂದು ಬಳ್ಳಾರಿ ಹೆದ್ದಾರಿ ಹಿಡಿದರೆ ಚಳ್ಳಕೆರೆ ಒಂದು ಗಂಟೆಯ ದಾರಿ. ರಸ್ತೆ ನೇರ, ಎರಡೂ ಕಡೆ ಶೇಂಗಾ, ಈರುಳ್ಳಿ ಹೊಲ. ರಾತ್ರಿ ಚಳ್ಳಕೆರೆಯಲ್ಲಿ ಉಳಿಯಿರಿ. ಶೇಂಗಾ ಎಣ್ಣೆ ಗಿರಣಿಗಳ ಊರು ಇದು. ಇಲ್ಲಿ ಬಜ್ಜಿ, ಮಂಡಕ್ಕಿ ಒಗ್ಗರಣೆ ಕೂಡ ಅದೇ ಎಣ್ಣೆಯ ಘಮದ್ದು.

ನಾಲ್ಕನೇ ದಿನ: ಕಾವಲು, ಅಶೋಕನ ಬಂಡೆ, ಮೊಳಕಾಲ್ಮೂರು, ಜಗಳೂರು

ಎಲ್ಲಕ್ಕಿಂತ ಉದ್ದದ ದಿನ, 200 ಕಿ.ಮೀ.ಗೂ ಮೇಲೆ. ಪೆಟ್ರೋಲ್ ಫುಲ್ ಮಾಡಿಸಿ ಆರಕ್ಕೇ ಹೊರಡಿ.

ಚಳ್ಳಕೆರೆ ಸುತ್ತಮುತ್ತ ಅಮೃತ ಮಹಲ್ ಕಾವಲುಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಅವುಗಳಿಗೆ ಮೀಸಲಿಟ್ಟ ಹುಲ್ಲುಗಾವಲು ಇದು. ಬೆಳಗಿನ ಹೊತ್ತು ಕೃಷ್ಣಮೃಗ ಕಂಡರೂ ಕಾಣಬಹುದು. ಈಗ ಕಾವಲಿನ ಒಂದು ದೊಡ್ಡ ಭಾಗಕ್ಕೆ ಉದ್ದಾನುದ್ದ ಗೋಡೆ ಎದ್ದಿದೆ. ಡಿಆರ್‌ಡಿಒ, ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟ ಜಾಗ. ಗೋಡೆ ಹತ್ತಿರ ಕ್ಯಾಮೆರಾ ತೆಗೆಯಬೇಡಿ, ಡ್ರೋನ್ ಬೇಡವೇ ಬೇಡ. ದನ, ಕುರಿ ಮೇಯಿಸುವವರಿಗೆ ಈ ಗೋಡೆ ಏನು ಮಾಡಿತು ಅಂತ ಅವರನ್ನೇ ಕೇಳಿದರೆ ಹೇಳುತ್ತಾರೆ.

ಈ ಕಡೆ ದನ ಸಾಕುವ ಸಮುದಾಯವಾದ ಮ್ಯಾಸಬೇಡರ ದೇವರ ಎತ್ತುಗಳು ಸಿಗುತ್ತವೆ. ಇವುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವರಿಗೆ ಕಿಲಾರಿಗಳು ಅನ್ನುತ್ತಾರೆ. ಮುಳ್ಳಿನ ಬೇಲಿಯ ರೊಪ್ಪದಲ್ಲಿ ರಾತ್ರಿ ಕೂಡಿ, ಬೆಳಿಗ್ಗೆ ಮೇಯಲು ಬಿಡುತ್ತಾರೆ. ರಸ್ತೆಗೆ ಎತ್ತಿನ ಹಿಂಡು ಬಂದರೆ ಇಂಜಿನ್ ಆಫ್ ಮಾಡಿ ಸುಮ್ನೆ ಕೂತಿರಿ, ಹಾರ್ನ್ ಹೊಡೆಯಬೇಡಿ. ರೊಪ್ಪದೊಳಗೆ ಕೇಳದೆ ಕಾಲಿಡಬೇಡಿ. ಚಪ್ಪಲಿ ಬಿಟ್ಟು ಬಾ ಅಂದರೆ ಬಿಟ್ಟೇ ಹೋಗಿ.

ಬಳ್ಳಾರಿ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಅಶೋಕ ಸಿದ್ದಾಪುರದ ಕಡೆ ತಿರುಗಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಒಂದೇ ಸುತ್ತಿನಲ್ಲಿ ಅಶೋಕನ ಮೂರು ಶಾಸನಗಳು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ ಇಲ್ಲಿದ್ದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕಳಿಸಿದ ಆದೇಶ ಇದು. ತಂದೆ ತಾಯಿ ಮಾತು ಕೇಳು, ಪ್ರಾಣಿಗಳಿಗೆ ದಯೆ ತೋರು, ಸತ್ಯ ಹೇಳು, ಇಷ್ಟು ಸರಳ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ 'ಲಿಪಿಕಾರ' ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ತನಗೆ ಆ ಲಿಪಿಯೂ ಬರುತ್ತದೆ ಅಂತ ತೋರಿಸಿಕೊಳ್ಳುವ ಆಸೆ ಇದ್ದಿರಬೇಕು!

ಸಮಯ ಕಡಿಮೆ ಇದ್ದರೆ ಬ್ರಹ್ಮಗಿರಿ ಒಂದೇ ಸಾಕು. ಜಟಿಂಗ ರಾಮೇಶ್ವರಕ್ಕೆ ಮೆಟ್ಟಿಲು ಹತ್ತಬೇಕು, ಬಿಸಿಲೇರುವ ಮುಂಚೆ ಹೋದರೆ ಮಾತ್ರ ಹತ್ತಿ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಅನ್ನುವ ನಂಬಿಕೆ ಇದೆ. ಮೇಲಿನಿಂದ ಕಾಣುವುದು ಬಂಡೆ ಗುಡ್ಡ, ನಡುವೆ ಒಣ ಬಯಲು, ಮತ್ತೆ ಬಂಡೆ ಗುಡ್ಡ. ಮೊದಲ ದಿನದ ನಾಲೆ ಗದ್ದೆಯಿಂದ ನೀವು ಬಂದಿರುವ ದೂರ ಇಲ್ಲಿ ಸರಿಯಾಗಿ ತಿಳಿಯುತ್ತದೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ. ಕೈಮಗ್ಗದ ಮನೆಗೆ ಹೋಗಿ ನೇಯುವುದನ್ನು ನೋಡಿ ಕೊಳ್ಳಿ. ಕೈಮಗ್ಗವೋ ಪವರ್‌ಲೂಮೋ ಅಂತ ನೇರವಾಗಿ ಕೇಳಿ, ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಚೀಟಿ ಇದೆಯಾ ನೋಡಿ. ಆಮೇಲೆ ದರದ ಮಾತು.

ವಾಪಸ್ ದಾರಿಯಲ್ಲಿ ನಾಯಕನಹಟ್ಟಿ. ತಿಪ್ಪೇರುದ್ರಸ್ವಾಮಿಗಳ ಗದ್ದುಗೆ ಇರುವ ಊರು. 'ಮಾಡಿದಷ್ಟು ನೀಡು ಭಿಕ್ಷೆ' ಅಂದ ಈ ಸ್ವಾಮಿ ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಫಾಲ್ಗುಣದ ತೇರಿನ ದಿನಗಳಲ್ಲಿ ಮಾತ್ರ ಈ ರಸ್ತೆಗೆ ಬರಬೇಡಿ, ಜಾತ್ರೆಗೇ ಬರುವುದಾದರೆ ಬೇರೆ ಮಾತು.

ಮುಂದೆ ಜಗಳೂರು. ಇಲ್ಲಿನ ರಂಗಯ್ಯನದುರ್ಗ ವನ್ಯಧಾಮ ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ್ದು. ಗಂಡಿಗೆ ನಾಲ್ಕು ಕೊಂಬು. ತೀರಾ ನಾಚಿಕೆಯ ಪ್ರಾಣಿ, ರಸ್ತೆಯಿಂದ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ ಕೆರೆಗಳನ್ನು ನೋಡಿ. ಬರಕ್ಕೆ ಹೆಸರಾದ ಈ ತಾಲ್ಲೂಕಿನ 57 ಕೆರೆಗಳಿಗೆ ಹರಿಹರದ ಹತ್ತಿರದ ದೀಟೂರಿನಿಂದ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತರುವ ಯೋಜನೆ ಆಗಿದೆ. ನೀರು ಬಂದ ಕೆರೆಯ ಕೆಳಗಿನ ಹೊಲದಲ್ಲಿ ಅಡಿಕೆ ಸಸಿ ಕಂಡರೆ ಆಶ್ಚರ್ಯಪಡಬೇಡಿ. ಜಗಳೂರಿನಿಂದ ದಾವಣಗೆರೆ ಸುಮಾರು 50 ಕಿ.ಮೀ., ಕತ್ತಲಾಗುವ ಮುಂಚೆ ಮುಟ್ಟಬಹುದು.

ನಾಲ್ಕು ದಿನ ಇಲ್ಲದವರಿಗೆ

ಎರಡೇ ದಿನ ಇದ್ದರೆ ಎಲ್ಲವನ್ನೂ ಅರ್ಧರ್ಧ ನೋಡಲು ಹೋಗಬೇಡಿ. ಒಂದು ದಿನ ಸೂಳೆಕೆರೆ, ಸಂತೇಬೆನ್ನೂರು. ಮಾರನೇ ದಿನ ಕೋಟೆ, ಚಂದ್ರವಳ್ಳಿ. ಅಲ್ಲಿಗೆ ನಿಲ್ಲಿಸಿ. ಮೂರು ದಿನ ಇದ್ದರೆ ಮಾರಿಕಣಿವೆ ಬಿಟ್ಟು ಚಳ್ಳಕೆರೆ, ಬ್ರಹ್ಮಗಿರಿ ಇಟ್ಟುಕೊಳ್ಳಿ. ಅಣೆಕಟ್ಟು ಬೇರೆ ಕಡೆಯೂ ನೋಡಲು ಸಿಗುತ್ತದೆ, ಅಂಥ ಕಾವಲು ಸಿಗುವುದಿಲ್ಲ. ಬೆಂಗಳೂರಿನಿಂದ ಬರುವವರಿಗೆ ಹಿರಿಯೂರು ಮೊದಲೇ ಸಿಗುವುದರಿಂದ ಮಾರಿಕಣಿವೆ, ಮರಡಿಹಳ್ಳಿಯನ್ನು ಬರುವಾಗಲೇ ಮುಗಿಸಿ ದಾವಣಗೆರೆಯಲ್ಲಿ ಉಳಿಯಬಹುದು. ಮಾರನೇ ಬೆಳಿಗ್ಗೆ ಹರಿಹರದಿಂದ ಸುತ್ತು ಶುರು ಮಾಡಿದರೆ ದಿಕ್ಕು ಕೆಡುವುದಿಲ್ಲ. ಬೈಕಿನಲ್ಲಿ ಬರುವವರು ಕೊನೆಯ ದಿನವನ್ನು ಎರಡು ಮಾಡಿ, ಮೊಳಕಾಲ್ಮೂರಿನಲ್ಲಿ ಒಂದು ರಾತ್ರಿ ಉಳಿಯಿರಿ.